ಪುಟ್ಟಣ್ಣ ಚಿತ್ರಮಂದಿರ ಇದ್ದ ಜಾಗ

ಬಾನುಲಿ ಭಾಷಣ



ಇವತ್ತು ನಾನು ಮಾತಾಡಬೇಕೆಂದಿರುವುದು ದಕ್ಷಿಣ ಬೆಂಗಳೂರಿನ ಮುಚ್ಚಿಹೋದ ಚಿತ್ರಮಂದಿರಗಳ ಬಗ್ಗೆ. ಅದರಲ್ಲೂ ಮುಖ್ಯವಾಗಿ, ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನೊಳಗೆ ಇದ್ದ ಪುಟ್ಟಣ್ಣ ಚಿತ್ರಮಂದಿರದ ಬಗ್ಗೆ. ಕೋಟೆಗಳ ಬಗ್ಗೆ, ದೇವಸ್ಥಾನಗಳ ಬಗ್ಗೆ, ಶಾಸನಗಳ ಬಗ್ಗೆ ತಿಳಿದು ಹೇಳುವ ವಿದ್ವಾಂಸರು ನಮ್ಮಲ್ಲಿದ್ದಾರೆ. ನೂರಾರು ವರ್ಷ ನಿಂತ ಕಟ್ಟಡಕ್ಕೆ ತಾನಾಗಿಯೇ ಒಂದು ಗೌರವ ಬಂದುಬಿಡುತ್ತದೆ. ಆದರೆ ನಮ್ಮ ಕಣ್ಣೆದುರಿಗೇ ಎದ್ದು, ಒಂದಷ್ಟು ಕಾಲ ಸಾವಿರಾರು ಜನರನ್ನು ನಗಿಸಿ, ಅಳಿಸಿ, ನಮ್ಮ ಕಣ್ಣೆದುರಿಗೇ ಇಲ್ಲವಾದ ಜಾಗಗಳಿವೆಯಲ್ಲ, ಅವುಗಳ ಚರಿತ್ರೆಯನ್ನು ಬರೆಯುವವರು ಕಡಿಮೆ. ಅವು ತೀರಾ ಹಳೆಯವೂ ಅಲ್ಲ, ಹೊಸವೂ ಅಲ್ಲ. ಅಲ್ಪಾಯುಷಿಗಳು. ಹಾಗಾಗಿ ಬೇಗ ಮರೆತುಹೋಗುತ್ತವೆ.

ಜನ ಸಂತೋಷಪಡಲಿಕ್ಕೆಂದು ಕೂಡುತ್ತಿದ್ದ ಜಾಗಗಳಿಗೂ ಒಂದು ಚರಿತ್ರೆ ಇದೆ, ಅದನ್ನು ಈಗಲೇ ಬರೆದಿಡಬೇಕು ಎಂಬುದು ನನ್ನ ಮಾತಿನ ಸಾರ. ಈಗಲೇ ಏಕೆಂದರೆ, ಅಲ್ಲಿ ಟಿಕೆಟ್ ಕೊಟ್ಟವರು, ಬಾಗಿಲು ಕಾದವರು, ಪ್ರೊಜೆಕ್ಟರ್ ಓಡಿಸಿದವರು, ಪೋಸ್ಟರ್ ಅಂಟಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ.

ಮೊದಲು ಬಡಾವಣೆಯ ವಿಷಯ ಸ್ವಲ್ಪ ಹೇಳುತ್ತೇನೆ. ಬೆಂಗಳೂರು ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಹುಟ್ಟಿದ್ದು 1945ರಲ್ಲಿ. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ನಮ್ಮ ಬಿಡಿಎ, ಬಂತು. ಜಯನಗರದ ಕೆಲಸ ಶುರುವಾದದ್ದು 1948ರಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ. ಬ್ಲಾಕು ಬ್ಲಾಕಾಗಿ ಗೆರೆ ಎಳೆದು, ಉದ್ದಕ್ಕೆ ಮೇನ್‌ಗಳು, ಅಡ್ಡಕ್ಕೆ ಕ್ರಾಸ್‌ಗಳು, ನಡುನಡುವೆ ಉದ್ಯಾನ, ಆಟದ ಮೈದಾನ, ಶಾಲೆಗೆ ಜಾಗ ಬಿಟ್ಟು ಮಾಡಿದ ಬಡಾವಣೆ ಅದು. ಸರಕಾರಿ ನೌಕರರು, ಬ್ಯಾಂಕಿನವರು, ಮೇಷ್ಟರುಗಳು, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು ಸಾಲ ಸೋಲ ಮಾಡಿ ಸೈಟು ಕೊಂಡು ಮನೆ ಕಟ್ಟಿಕೊಂಡರು. ಆಮೇಲೆ ಊರು ಇನ್ನೂ ದಕ್ಷಿಣಕ್ಕೆ ಬೆಳೆಯಿತು. ಬನಶಂಕರಿ ಬಂತು, ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ ಬಂತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಸೇರಿ ಬಿಟಿಎಂ ಬಡಾವಣೆಯಾಯಿತು.

ಹೀಗೆ ಹೊಸದಾಗಿ ಬಂದು ನೆಲೆಸಿದವರಿಗೆ ಸಿನಿಮಾ ನೋಡಬೇಕೆಂದರೆ ಮೆಜೆಸ್ಟಿಕ್‌ನ ಕೆಂಪೇಗೌಡ ರಸ್ತೆಗೆ ಹೋಗಬೇಕಿತ್ತು. ಮೆಜೆಸ್ಟಿಕ್‌ಗೆ ಹೋಗುವುದೆಂದರೆ ಒಂದು ಸಂಭ್ರಮ. ಬಸ್ಸು ಹಿಡಿಯಬೇಕು, ಮಕ್ಕಳನ್ನು ಹೊರಡಿಸಬೇಕು, ಅಡುಗೆ ಮುಗಿಸಬೇಕು, ಹಿಂದಕ್ಕೆ ಬರುವ ಬಸ್ಸಿನ ಚಿಂತೆಯನ್ನೂ ಮಾಡಬೇಕು. ಯಜಮಾನರಿಗೆ ರಜೆ ಇದ್ದ ದಿನ, ಅವರಿಗೆ ಮನಸ್ಸಿದ್ದ ದಿನ ಮಾತ್ರ ಆಗುವ ಕೆಲಸ ಅದು. ಬಡಾವಣೆಯ ಒಳಗೇ ಚಿತ್ರಮಂದಿರಗಳು ಬಂದಾಗ ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಮನೆಯ ಹೆಂಗಸರ ಮಧ್ಯಾಹ್ನ. ಊಟದ ಪಾತ್ರೆ ತೊಳೆದಿಟ್ಟು, ಪಕ್ಕದ ಮನೆಯವರನ್ನು ಕಾಂಪೌಂಡಿನ ಆಚೆಯಿಂದಲೇ ಕೂಗಿ ಕರೆದು, ನಾಲ್ಕೈದು ಜನ ಸೇರಿ ನಡೆದುಕೊಂಡೇ ಮ್ಯಾಟಿನಿಗೆ ಹೋಗಿ, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆ ಸೇರಬಹುದಿತ್ತು. ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ. ನಮ್ಮ ತಾಯಿ, ಅವರ ಓರಗೆಯವರು ಹೀಗೆ ಹೋಗಿಬರುತ್ತಿದ್ದುದನ್ನು ನಾನು ನೋಡಿದ್ದೇನೆ. ಆ ದಿನ ಸಂಜೆ ಮನೆಯಲ್ಲಿ ಕಾಫಿಯ ಜೊತೆ ಇಡೀ ಚಿತ್ರದ ಕಥೆ ನಮಗೂ ಸಿಗುತ್ತಿತ್ತು. ನೋಡದೇ ಕೇಳಿದ ಎಷ್ಟೋ ಚಿತ್ರಗಳು, ಆಮೇಲೆ ನೋಡಿದ ಚಿತ್ರಗಳಿಗಿಂತ ಚೆನ್ನಾಗಿ ನೆನಪಿವೆ.

ನಮ್ಮ ಕಡೆಯ ಆ ಚಿತ್ರಮಂದಿರಗಳ ಹೆಸರನ್ನು ಒಮ್ಮೆ ಹೇಳಿಬಿಡುತ್ತೇನೆ. ಕೇಳುತ್ತಿರುವ ಎಷ್ಟೋ ಜನರಿಗೆ ಹೆಸರಿನ ಹಿಂದೆಯೇ ಒಂದೊಂದು ಚಿತ್ರವೂ, ಜೊತೆಗೆ ಕೂತಿದ್ದವರ ಮುಖವೂ ನೆನಪಾಗಬಹುದು. ಜಯನಗರದಲ್ಲಿ ನಂದಾ. ಸೌತ್ ಎಂಡ್ ವೃತ್ತದ ಬಳಿ ಶಾಂತಿ. ತಿಲಕನಗರದ ಕಡೆ ಸ್ವಾಗತ್. ನಾಲ್ಕನೇ ಬ್ಲಾಕಿನಲ್ಲಿ ಪುಟ್ಟಣ್ಣ. ಈ ನಾಲ್ಕರಲ್ಲಿ ಒಂದರಲ್ಲೂ ಇವತ್ತು ಹಳೆಯ ಪರದೆ ಇಲ್ಲ. ಸ್ವಾಗತ್ ಇದ್ದ ಕಡೆ ಮಾಲ್ ಎದ್ದಿದೆ, ಅದರ ಹೆಸರಿನಲ್ಲಿ ಸ್ವಾಗತ್ ಎಂಬುದು ಉಳಿದಿದೆ. ನಂದಾ ಹೋದರೂ ನಂದಾ ಟಾಕೀಸ್ ರಸ್ತೆ ಎಂದರೆ ಆಟೋದವರಿಗೆ ಬೇರೆ ಗುರುತು ಹೇಳಬೇಕಾಗಿಲ್ಲ. ಆ ರಸ್ತೆಯ ಮೇಲೆ ಈಗ ಮೆಟ್ರೊ ಓಡುತ್ತದೆ. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ತೆರೆದಾಗಿನಿಂದ, ಚಿತ್ರಮಂದಿರದ ಮುಂದೆ ಒಂದು ಕಾಲಕ್ಕೆ ಸಾಲುಗಟ್ಟಿ ನಿಲ್ಲುತ್ತಿದ್ದ ಜಾಗವನ್ನು ಜನ ಕಂಬದ ಮೇಲಿನ ರೈಲಿನಲ್ಲಿ ಕೂತು ಕ್ಷಣದಲ್ಲಿ ದಾಟಿಹೋಗುತ್ತಾರೆ.

ಈಗ ಪುಟ್ಟಣ್ಣ ಚಿತ್ರಮಂದಿರಕ್ಕೆ ಬರೋಣ. ಅದು ಇದ್ದ ಜಾಗವೇ ವಿಶೇಷ. ಜಯನಗರ ಕಾಂಪ್ಲೆಕ್ಸ್ ಅಂದರೆ ಒಂದೇ ಕಡೆ ಒಂದು ಊರಿಗೆ ಬೇಕಾದದ್ದೆಲ್ಲ. ತರಕಾರಿ, ಹೂವು, ಬಾಳೆ ಎಲೆ, ಪಾತ್ರೆ, ಬಟ್ಟೆ, ಬಳೆ. ಡ್ರೈವಿಂಗ್ ಲೈಸೆನ್ಸಿಗೆ ಆರ್‌ಟಿಒ ಕಚೇರಿಯೂ ಅಲ್ಲಿಯೇ. ಪಕ್ಕದಲ್ಲೇ ಬಸ್ ನಿಲ್ದಾಣ. ಇದರ ಹೊಟ್ಟೆಯೊಳಗೆ ಒಂದು ಚಿತ್ರಮಂದಿರ. ಸಾಮಾನ್ಯವಾಗಿ ಚಿತ್ರಮಂದಿರ ಎಂದರೆ ಖಾಸಗಿಯವರು ತಮ್ಮ ಸ್ವಂತ ಜಾಗದಲ್ಲಿ ಕಟ್ಟಿಕೊಂಡದ್ದು. ಇದು ಹಾಗಲ್ಲ, ಸಾರ್ವಜನಿಕ ಕಟ್ಟಡದಲ್ಲಿ ಇದ್ದದ್ದು. ಬಡಾವಣೆ ಎಂದರೆ ನೀರು, ರಸ್ತೆ, ಮಾರುಕಟ್ಟೆ, ಕಚೇರಿ ಇಷ್ಟೇ ಅಲ್ಲ, ಜನರಿಗೆ ಕೂತು ಕಥೆ ನೋಡಲಿಕ್ಕೂ ಒಂದು ಜಾಗ ಬೇಕು ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು. ಆ ತಿಳಿವಳಿಕೆಯನ್ನು ನಾನು ಇವತ್ತಿಗೂ ದೊಡ್ಡದೆಂದು ನಂಬುತ್ತೇನೆ. ತರಕಾರಿ ಚೀಲ ಹಿಡಿದೇ ಚಿತ್ರಕ್ಕೆ ಬಂದು, ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಇಂಟರ್ವಲ್‌ನಲ್ಲಿ ಕೊತ್ತಂಬರಿ ಸೊಪ್ಪು ಬಾಡಿತೋ ಎಂದು ಮುಟ್ಟಿ ನೋಡುತ್ತಿದ್ದ ತಾಯಂದಿರು ಬೇರೆ ಯಾವ ಚಿತ್ರಮಂದಿರದಲ್ಲಿ ಸಿಗುತ್ತಿದ್ದರು?

ಇನ್ನು ಹೆಸರು. ಅದು ಚಿತ್ರ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರದು. ಅವರು ಹುಟ್ಟಿದ್ದು 1933ರ ಡಿಸೆಂಬರ್ 1ರಂದು, ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ. ಬಿ.ಆರ್. ಪಂತುಲು ಅವರ ಕೈಕೆಳಗೆ ಕೆಲಸ ಕಲಿತರು. 1967ರಲ್ಲಿ ‘ಬೆಳ್ಳಿಮೋಡ’ ಬಂತು. ಅದು ತ್ರಿವೇಣಿಯವರ ಕಾದಂಬರಿ. ತ್ರಿವೇಣಿಯವರು 1963ರಲ್ಲೇ ತೀರಿಕೊಂಡಿದ್ದರು, ತಮ್ಮ ಕಥೆ ಪರದೆಯ ಮೇಲೆ ಬಂದದ್ದನ್ನು ಅವರು ನೋಡಲಿಲ್ಲ. ಆಮೇಲೆ ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, ಮತ್ತೆ ತ್ರಿವೇಣಿಯವರ ‘ಶರಪಂಜರ’, ತ.ರಾ.ಸು. ಅವರ ಕಾದಂಬರಿಗಳಿಂದ 1972ರ ‘ನಾಗರಹಾವು’, ಆಮೇಲೆ ‘ಎಡಕಲ್ಲು ಗುಡ್ಡದ ಮೇಲೆ’, ‘ಶುಭಮಂಗಳ’, 1981ರ ‘ರಂಗನಾಯಕಿ’. ಕಾದಂಬರಿ ಓದುವ ಕನ್ನಡ ಮನೆಗಳನ್ನೂ ಸಿನಿಮಾ ನೋಡುವ ಕನ್ನಡ ಮನೆಗಳನ್ನೂ ಅವರು ಒಂದು ಮಾಡಿದರು. 1985ರ ಜೂನ್ 5ರಂದು, ಐವತ್ತೆರಡು ತುಂಬುವ ಮೊದಲೇ, ಅವರು ಹೋಗಿಬಿಟ್ಟರು. ಕೊನೆಯ ಚಿತ್ರ ‘ಮಸಣದ ಹೂವು’. ಅದನ್ನು ಪೂರ್ತಿ ಮಾಡಿದವರು ಕೆ.ಎಸ್.ಎಲ್. ಸ್ವಾಮಿ.

‘ಶರಪಂಜರ’ದ ಕಾವೇರಿಯನ್ನು ನೆನಪು ಮಾಡಿಕೊಳ್ಳಿ. ಓದಿದ, ಚೆಲುವೆಯಾದ, ಪ್ರೀತಿಸಿ ಮದುವೆಯಾದ ಹೆಣ್ಣುಮಗಳು. ಬಾಣಂತಿಯಾಗಿದ್ದಾಗ ಮನಸ್ಸು ಕೆಡುತ್ತದೆ, ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರು, ನೆಂಟರು, ಅಕ್ಕಪಕ್ಕದವರು ಅವಳನ್ನು ವಾಸಿಯಾದವಳೆಂದು ಒಪ್ಪುವುದಿಲ್ಲ. ಅವಳು ಬಡಿಸಿದ್ದನ್ನು ಉಣ್ಣಲಿಕ್ಕೂ ಹಿಂಜರಿಯುತ್ತಾರೆ. ಕಲ್ಪನಾ ಆ ಪಾತ್ರ ಮಾಡಿದ ರೀತಿಯನ್ನು ಕಂಡವರು ಮರೆಯಲಾರರು. ಇದು ಅರಮನೆಯ ಕಥೆಯಲ್ಲ, ನಮ್ಮ ಬಡಾವಣೆಗಳಂಥ ಬಡಾವಣೆಯ ಮನೆಯ ಕಥೆ. ಆ ಕಾಲದಲ್ಲಿ ಮನೆಯೊಳಗೆ ಯಾರೂ ಬಾಯಿಬಿಡದ ವಿಷಯವನ್ನು ಪುಟ್ಟಣ್ಣನವರು ನೂರಾರು ಜನರ ಎದುರು ಇಟ್ಟರು. ಕತ್ತಲಲ್ಲಿ ಅಕ್ಕಪಕ್ಕ ಕೂತು ಅತ್ತ ಹೆಂಗಸರಿಗೆ, ಈ ಕಷ್ಟ ನನ್ನೊಬ್ಬಳದಲ್ಲ ಎಂದು ತಿಳಿಯಿತು. ಮನೆಯ ಟಿ.ವಿ.ಯ ಮುಂದೆ ಒಬ್ಬರೇ ಕೂತು ನೋಡಿದರೆ ಈ ಸಮಾಧಾನ ಸಿಗುವುದಿಲ್ಲ. ಅಂಥ ನಿರ್ದೇಶಕರ ಹೆಸರನ್ನು ಅಂಥ ಬಡಾವಣೆಯ ನಡುವಿನ ಚಿತ್ರಮಂದಿರಕ್ಕೆ ಇಟ್ಟದ್ದು ಬಹಳ ಒಪ್ಪುವ ಕೆಲಸವಾಗಿತ್ತು.

ಆ ಕಾಲದ ಚಿತ್ರಮಂದಿರಗಳಲ್ಲಿ ಎರಡು ಜಾಗಗಳನ್ನು ಹತ್ತಿರದಿಂದ ತೋರಿಸಬೇಕೆಂದು ನನಗೆ ಆಸೆ. ಒಂದು, ಟಿಕೆಟ್ ಕೌಂಟರ್. ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಒಂದು ಕೈ ಹೋಗುವಷ್ಟೇ ಅಗಲ. ಅದರ ಮುಂದೆ ಕಬ್ಬಿಣದ ಕಂಬಿಗಳ ಓಣಿ, ಒಬ್ಬರ ಹಿಂದೆ ಒಬ್ಬರು ಮಾತ್ರ ನಿಲ್ಲಬಹುದು. ಕಿಂಡಿಯೊಳಗೆ ಕೈ ಹಾಕುವಾಗ ಮುಷ್ಟಿಯಲ್ಲಿ ನೋಟು, ಚಿಲ್ಲರೆ. ಹೊರಗೆ ಬರುವಾಗ ಅದೇ ಮುಷ್ಟಿಯಲ್ಲಿ ಬಣ್ಣದ ತೆಳು ಕಾಗದದ ಟಿಕೆಟ್ಟುಗಳು. ಒಳಗೆ ಕೂತವರ ಮುಖ ಹೊರಗಿನವರಿಗೆ ಕಾಣುವುದಿಲ್ಲ, ಬರಿಯ ಬೆರಳುಗಳು ಮಾತ್ರ ಕಾಣುತ್ತವೆ. ಹೊಸ ಚಿತ್ರದ ಮೊದಲ ದಿನ ಆ ಕಂಬಿಗಳ ಮೇಲೆ ಹತ್ತಿ, ಜನರ ಹೆಗಲ ಮೇಲೆ ತೆವಳಿ ಹೋಗಿ ಕೈ ಹಾಕುವ ಹುಡುಗರಿದ್ದರು. ಹೌಸ್‌ಫುಲ್ ಬೋರ್ಡು ಹೊರಗೆ ಬಂತೆಂದರೆ, ಆಚೆ ಮೂಲೆಯಲ್ಲಿ ಬ್ಲಾಕಿನಲ್ಲಿ ಟಿಕೆಟ್ ಮಾರುವವರ ಪಿಸುಮಾತು ಶುರು. ಹೆಂಗಸರಿಗೆ ಬೇರೆ ಸಾಲು ಇರುತ್ತಿದ್ದುದರಿಂದ, ಅಕ್ಕನನ್ನೋ ಅತ್ತಿಗೆಯನ್ನೋ ಸಾಲಿಗೆ ನಿಲ್ಲಿಸಿ ಟಿಕೆಟ್ ಪಡೆಯುವುದು ಎಲ್ಲ ಮನೆಗಳ ಉಪಾಯ.

ಎರಡನೆಯದು ಪ್ರೊಜೆಕ್ಟರ್ ಕೊಠಡಿ. ಹುಡುಗನಾಗಿದ್ದಾಗ ನಮ್ಮ ಕಡೆಯ ಒಂದು ಚಿತ್ರಮಂದಿರದಲ್ಲಿ ಆಪರೇಟರ್ ಒಬ್ಬರು ನನ್ನನ್ನು ಒಳಗೆ ಕರೆದು ನಿಲ್ಲಿಸಿಕೊಂಡು ತೋರಿಸಿದ್ದರು. ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಬೆಂಕಿಯ ಪಕ್ಕ ನಿಂತಷ್ಟು ಸೆಕೆ. ಎರಡು ದೊಡ್ಡ ಯಂತ್ರಗಳು ಪಕ್ಕಪಕ್ಕ ನಿಂತಿವೆ. ಒಂದರಲ್ಲಿ ಚಿತ್ರ ಓಡುತ್ತಿದೆ, ಇನ್ನೊಂದರಲ್ಲಿ ಮುಂದಿನ ರೀಲು ತಯಾರಾಗಿ ಕಾಯುತ್ತಿದೆ. ಯಂತ್ರದ ಹಿಂಬದಿಯ ಪೆಟ್ಟಿಗೆಯಲ್ಲಿ ಎರಡು ಇದ್ದಿಲು ಕಡ್ಡಿಗಳು ಎದುರುಬದುರು. ಅವುಗಳ ತುದಿಯ ನಡುವೆ ವಿದ್ಯುತ್ತು ಹಾಯ್ದು ಕಣ್ಣು ಕುಕ್ಕುವ ಬೆಳಕು ಹುಟ್ಟುತ್ತದೆ. ಆ ಬೆಳಕೇ ಪರದೆಯ ಮೇಲಿನ ಚಿತ್ರ. ಕಡ್ಡಿಗಳು ಉರಿದು ಸವೆಯುತ್ತಿದ್ದಂತೆ ನಡುವಿನ ಅಂತರ ಹೆಚ್ಚುತ್ತದೆ, ಬೆಳಕು ಹಳದಿಯಾಗುತ್ತದೆ. ಆಪರೇಟರು ಕಪ್ಪು ಗಾಜಿನೊಳಗಿಂದ ನೋಡುತ್ತಾ ತಿರುಪು ತಿರುಗಿಸಿ ಕಡ್ಡಿಗಳನ್ನು ಹತ್ತಿರ ತರುತ್ತಲೇ ಇರಬೇಕು. ಆಮೇಲೆ ಕ್ಸೆನಾನ್ ದೀಪ ಬಂದು ಆ ಕೆಲಸ ತಪ್ಪಿತು.

ಸೆಕೆಂಡಿಗೆ 24 ಚೌಕಗಳಂತೆ, ನಿಮಿಷಕ್ಕೆ 90 ಅಡಿ ಫಿಲ್ಮು ಓಡುತ್ತದೆ. ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷ. ಎರಡೂವರೆ ಗಂಟೆಯ ಚಿತ್ರವೆಂದರೆ ಹದಿಮೂರೂವರೆ ಸಾವಿರ ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದದ ಫಿಲ್ಮು ಒಂದೊಂದು ಆಟಕ್ಕೂ ಅವರ ಕೈಯಲ್ಲಿ ಹಾಯಬೇಕು. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಮಿಂಚಿ ಹೋಗುತ್ತದೆ. ಅದು ಕಂಡ ಕೂಡಲೇ ಎರಡನೇ ಯಂತ್ರ ಓಡಿಸಬೇಕು. ಇನ್ನೊಂದು ಚುಕ್ಕೆ ಕಂಡೊಡನೆ ಒಂದರ ಬೆಳಕು ಮುಚ್ಚಿ ಇನ್ನೊಂದರದು ತೆರೆಯಬೇಕು. ಕೆಳಗೆ ಕೂತ ಸಾವಿರ ಜನರಿಗೆ ಏನೂ ಗೊತ್ತಾಗಬಾರದು. ಗೊತ್ತಾಯಿತೋ, ಶಿಳ್ಳೆ, ಕೂಗಾಟ. ‘ಜನ ನಮ್ಮನ್ನು ನೆನೆಸಿಕೊಳ್ಳೋದು ರೀಲ್ ಕಟ್ಟಾದಾಗ ಮಾತ್ರ ಕಣಪ್ಪ’ ಎಂದು ಅವರು ಹೇಳಿದ್ದರು. ಅವರ ದನಿಯಲ್ಲಿ ಬೇಸರ ಇರಲಿಲ್ಲ, ಕೆಲಸ ಬಲ್ಲವರ ಹೆಮ್ಮೆ ಇತ್ತು. ಆ ವಿದ್ಯೆಯನ್ನು ಅವರು ಶಾಲೆಯಲ್ಲಿ ಕಲಿತದ್ದಲ್ಲ, ಹಿರಿಯ ಆಪರೇಟರ ಜೊತೆ ವರ್ಷಗಟ್ಟಲೆ ನಿಂತು ಕಲಿತದ್ದು. ಹತ್ತಾರು ವರ್ಷ ದುಡಿದು ಗಳಿಸಿದ ಆ ಜಾಣ್ಮೆ, ಡಿಜಿಟಲ್ ಬಂದ ಕೆಲವೇ ವರ್ಷಗಳಲ್ಲಿ ಯಾರಿಗೂ ಬೇಡವಾಯಿತು.

ಏಕೆ ಮುಚ್ಚಿದವು ಈ ಚಿತ್ರಮಂದಿರಗಳು? ಒಂದೇ ಕಾರಣ ಹೇಳಲಾಗದು. ಮೊದಲ ಪೆಟ್ಟು ಕೊಟ್ಟದ್ದು ದೂರದರ್ಶನ ಮತ್ತು ವಿಡಿಯೊ. 1987ರ ಜನವರಿಯಲ್ಲಿ ‘ರಾಮಾಯಣ’ ಧಾರಾವಾಹಿ ಶುರುವಾದಾಗ ಭಾನುವಾರ ಬೆಳಿಗ್ಗೆ ಬೀದಿಗಳೇ ಖಾಲಿಯಾಗುತ್ತಿದ್ದವು. 1994ರಲ್ಲಿ ಉದಯ ಟಿ.ವಿ. ಬಂತು, ಕನ್ನಡ ಚಿತ್ರಗಳು ದಿನವೂ ಮನೆಯೊಳಗೇ ಬಂದವು. ಮೊದಲಿಗೆ ಕೈಬಿಟ್ಟುಹೋದವರು ಮ್ಯಾಟಿನಿಯ ಹೆಂಗಸರೇ. ಮಧ್ಯಾಹ್ನದ ಆ ಆಟ ಸೊರಗಿತೆಂದರೆ ಬಡಾವಣೆಯ ಚಿತ್ರಮಂದಿರದ ಬೇರೇ ಸೊರಗಿದಂತೆ. ಆಮೇಲೆ 2004ರಲ್ಲಿ ಕೋರಮಂಗಲದಲ್ಲಿ ಫೋರಂ ಮಾಲ್ ತೆರೆಯಿತು, ಅಲ್ಲಿ ಒಂದೇ ಸೂರಿನಡಿ ಹನ್ನೊಂದು ಪರದೆಗಳ ಮಲ್ಟಿಪ್ಲೆಕ್ಸ್ ಬಂತು. ಸಾವಿರ ಸೀಟಿನ ಒಂದು ಚಿತ್ರಮಂದಿರ ಒಂದು ಚಿತ್ರ ಸೋತರೆ ವಾರವಿಡೀ ಖಾಲಿ. ಹನ್ನೊಂದು ಪರದೆ ಇರುವವರಿಗೆ ಒಂದು ಸೋತರೆ ಇನ್ನೊಂದು ಗೆಲ್ಲುತ್ತದೆ.

ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಒಂಟಿ ಪರದೆಯ ಚಿತ್ರಮಂದಿರಗಳು ಬಹುಮಟ್ಟಿಗೆ ನಿರ್ಮಾಪಕರಿಂದ ವಾರದ ಬಾಡಿಗೆ ಪಡೆಯುತ್ತಿದ್ದವು. ಚಿತ್ರ ಓಡಲಿ ಬಿಡಲಿ, ಬಾಡಿಗೆ ಬಾಡಿಗೆಯೇ. ಮಲ್ಟಿಪ್ಲೆಕ್ಸಿನವರು ಬಂದ ಹಣದಲ್ಲಿ ಶೇಕಡಾವಾರು ಹಂಚಿಕೊಂಡರು. ಸಣ್ಣ ಚಿತ್ರ ಮಾಡುವವರಿಗೆ ಇದೇ ಹಗುರವೆನಿಸಿತು. ಇವೆಲ್ಲದರ ಮೇಲೆ ನೆಲದ ಬೆಲೆ. ಜಯನಗರದಂಥ ಕಡೆ ಒಂದು ಚಿತ್ರಮಂದಿರ ನಿಂತಿರುವಷ್ಟು ನೆಲವಿದ್ದರೆ, ನಾಲ್ಕು ಆಟಗಳ ಟಿಕೆಟ್ ಹಣ ಅದರ ಬೆಲೆಗೆ ಯಾವ ಲೆಕ್ಕಕ್ಕೂ ಇಲ್ಲ. ಇದು ನಮ್ಮ ದಕ್ಷಿಣದ ಕಥೆ ಮಾತ್ರವಲ್ಲ. ಅರಮನೆ ಮೈದಾನದ ಆಚೆಯ ಕಾವೇರಿ ಚಿತ್ರಮಂದಿರ 1974ರಲ್ಲಿ ತೆರೆದು, ಐವತ್ತು ವರ್ಷ ತುಂಬಿದ 2024ರಲ್ಲೇ ಬಾಗಿಲು ಹಾಕಿತು. ಪುಟ್ಟಣ್ಣ ಚಿತ್ರಮಂದಿರಕ್ಕೆ ಅಷ್ಟು ಆಯುಸ್ಸೂ ಇರಲಿಲ್ಲ. ಆಟಗಳು ನಿಂತವು, ಕಟ್ಟಡವನ್ನು ಕೆಡವಿದರು, ಆ ಜಾಗದಲ್ಲಿ ಈಗ ಹೊಸ ವಾಣಿಜ್ಯ ಕಟ್ಟಡ ನಿಂತಿದೆ. ನಾಲ್ಕನೇ ಬ್ಲಾಕಿಗೆ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಅಲ್ಲಿ ಒಂದು ಪರದೆ ಇತ್ತೆಂಬುದಕ್ಕೆ ಯಾವ ಕುರುಹೂ ಸಿಗುವುದಿಲ್ಲ.

ಸಂತೋಷದ ಜಾಗಗಳು ಹೀಗೆ ಬಂದು ಹೋಗುವುದು ಪ್ರಪಂಚದ ಎಲ್ಲ ಕಡೆಯೂ ಇದೆ. ಜಪಾನಿನ ಒಂದು ಉದಾಹರಣೆ ಹೇಳುತ್ತೇನೆ. ಟೋಕಿಯೊದ ಪಕ್ಕದಲ್ಲಿ ಫುನಬಾಷಿ ಎಂಬ ಊರು. ಅಲ್ಲಿ ಸಮುದ್ರದ ಬದಿಯಲ್ಲಿ 1955ರಲ್ಲಿ ದೊಡ್ಡ ಸ್ನಾನಗೃಹಗಳ, ಮನರಂಜನೆಯ ಒಂದು ಕೇಂದ್ರ ತೆರೆದರು. 1977ರಲ್ಲಿ ಅದು ಮುಚ್ಚಿತು. ಅದೇ ಆಸುಪಾಸಿನಲ್ಲಿ 1965ರಲ್ಲಿ ಕಾರು ಓಟದ ಪಥ ಮಾಡಿದರು, 1967ಕ್ಕೇ ಅದು ಮುಗಿಯಿತು. 1981ರಲ್ಲಿ ಲಾಲಾಪೋರ್ಟ್ ಎಂಬ ಮಾಲ್ ಬಂತು. 1993ರಲ್ಲಿ ಅದರ ಬಳಿಯೇ ಝೌಸ್ ಎಂಬ ಹೆಸರಿನ, ಒಳಾಂಗಣದ ಹಿಮಜಾರು ತಾಣ ಕಟ್ಟಿದರು. ಬೆಟ್ಟದ ಇಳಿಜಾರನ್ನೇ ಕಬ್ಬಿಣದ ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಸುತ್ತ ಗೋಡೆ, ಮೇಲೆ ಛಾವಣಿ ಹಾಕಿ, ಒಳಗೆಲ್ಲ ಯಂತ್ರದಿಂದ ಹಿಮ ತುಂಬಿದ ಜಾಗ ಅದು. ಸ್ಕೀ ಇಳಿಜಾರಿನ ಉದ್ದ 490 ಮೀಟರ್, ಅಗಲ ಸುಮಾರು 100 ಮೀಟರ್. ಹೊರಗೆ ಆಗಸ್ಟ್ ತಿಂಗಳ ಧಗೆ, ಒಳಗೆ ಸೊನ್ನೆಗಿಂತ ಕೆಳಗಿನ ಚಳಿ. ಬೇಸಿಗೆಯಲ್ಲೂ ಕೆಲಸ ಮುಗಿಸಿದ ಜನ ಸಂಜೆಯ ರೈಲು ಹಿಡಿದು ಬಂದು ಜಾರಿ ಹೋಗುತ್ತಿದ್ದರು.

ಆದರೆ ಅದನ್ನು ಕಟ್ಟಲು ಯೋಚಿಸಿದ ಕಾಲ ಬೇರೆ, ತೆರೆದ ಕಾಲ ಬೇರೆ. ಜಪಾನಿನ ಹಣದ ಹುಮ್ಮಸ್ಸು 1990ರ ದಶಕದ ಆರಂಭಕ್ಕೇ ಇಳಿಯಿತು. ಸ್ಕೀ ಆಡುವ ಎಳೆಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಅಷ್ಟು ದೊಡ್ಡ ಕಟ್ಟಡವನ್ನು ವರ್ಷವಿಡೀ ತಣ್ಣಗಿಡುವ ಖರ್ಚು ಮಾತ್ರ ಇಳಿಯಲಿಲ್ಲ. 2002ರ ಸೆಪ್ಟೆಂಬರ್‌ನಲ್ಲಿ, ಹತ್ತು ವರ್ಷವೂ ತುಂಬದೆ, ಝೌಸ್ ಮುಚ್ಚಿತು. ಆಮೇಲೆ ಕೆಡವಿದರು. 2006ರಲ್ಲಿ ಅಲ್ಲಿ ಐಕಿಯಾ ಕಂಪನಿಯ ಪೀಠೋಪಕರಣದ ಅಂಗಡಿ ತೆರೆಯಿತು. ಆ ಊರಲ್ಲಿ ಹುಟ್ಟಿದ ಮಗುವೊಂದು ಅಲ್ಲಿ ಮೊದಲ ಸಲ ಹಿಮದ ಮೇಲೆ ಜಾರಿ, ದೊಡ್ಡವನಾದ ಮೇಲೆ ಅದೇ ನೆಲದಲ್ಲಿ ಮಂಚ ಕೊಂಡು ಬಂದಿರಬಹುದು. ನಮ್ಮ ಸ್ವಾಗತ್ ಜಾಗದ ಮಾಲ್‌ನಲ್ಲಿ ಬಟ್ಟೆ ಕೊಳ್ಳುವ ಜಯನಗರದವರ ಹಾಗೆಯೇ. ಜನ ಬಯಸಿ ಬಂದ ಜಾಗ, ಜನರ ಬಯಕೆ ಬದಲಾದಾಗ ನಿಲ್ಲಲಾರದು. ನೆಲದ ಬೆಲೆ ಮಾತ್ರ ಎಲ್ಲ ಕಡೆಯೂ ಗೆಲ್ಲುತ್ತದೆ.

ಹಾಗಾದರೆ ಏನು ಮಾಡಬಹುದು? ಅಮೆರಿಕದ ಈಶಾನ್ಯ ರಾಜ್ಯಗಳ ಒಂದು ಕೆಲಸ ನನಗೆ ಬಹಳ ಮೆಚ್ಚುಗೆಯಾಗಿದೆ. ಅಲ್ಲಿಯ ಗುಡ್ಡಗಳ ಮೇಲೆ ಸಣ್ಣಪುಟ್ಟ ಸ್ಕೀ ತಾಣಗಳು ನೂರಾರು ಇದ್ದವು. ಕೆಲವು ಒಂದು ಹಗ್ಗ, ಒಂದು ಹಳೆಯ ಮೋಟಾರು ಎಂಜಿನ್ ಇಟ್ಟುಕೊಂಡು ನಡೆದಂಥವು. ಹಿಮ ಕಡಿಮೆಯಾದ ವರ್ಷಗಳು, ವಿಮೆಯ ಖರ್ಚು, ದೊಡ್ಡ ತಾಣಗಳ ಪೈಪೋಟಿ, ಇವುಗಳಿಂದ ಒಂದೊಂದಾಗಿ ಮುಚ್ಚಿದವು. ಇಳಿಜಾರುಗಳಲ್ಲಿ ಮರ ಬೆಳೆದು ಕಾಡಾಯಿತು. ಜೆರೆಮಿ ಡೇವಿಸ್ ಎಂಬ ಹವಾಮಾನ ತಜ್ಞರು 1998ರಲ್ಲಿ ಈ ಮುಚ್ಚಿಹೋದ ತಾಣಗಳ ನೆನಪುಗಳನ್ನು ಕೂಡಿಹಾಕಲಿಕ್ಕೆ ಶುರುಮಾಡಿದರು. ಹಳೆಯ ನಕ್ಷೆ, ಟಿಕೆಟ್ಟು, ಫೋಟೊ, ಅಲ್ಲಿ ದುಡಿದವರ, ಆಡಿದವರ ಮಾತು, ಎಲ್ಲ ಸೇರಿ ಆರುನೂರಕ್ಕೂ ಹೆಚ್ಚು ತಾಣಗಳ ವಿವರ ಉಳಿಯಿತು. ಪುಸ್ತಕಗಳೂ ಬಂದವು. ಸರಕಾರ ಮಾಡಿದ ಕೆಲಸವಲ್ಲ ಅದು. ಒಬ್ಬರ ಆಸಕ್ತಿಯಿಂದ ಶುರುವಾಗಿ, ನೂರಾರು ಜನ ತಂತಮ್ಮ ಮನೆಯ ಕಪಾಟಿನಲ್ಲಿದ್ದದ್ದನ್ನು ತಂದುಕೊಟ್ಟದ್ದರಿಂದ ಆದದ್ದು.

ನಮ್ಮಲ್ಲೂ ಇದು ಸಾಧ್ಯ. ಒಂದು ಹೆಸರನ್ನು ಬದುಕಿಸಿಕೊಳ್ಳುವುದು ಹೇಗೆಂಬುದಕ್ಕೆ ನಮ್ಮ ದಕ್ಷಿಣ ಬೆಂಗಳೂರಿನಲ್ಲೇ ಒಳ್ಳೆಯ ಮಾದರಿ ಇದೆ. ಜೆ.ಪಿ. ನಗರದ ರಂಗಶಂಕರ. ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರುಂಧತಿ ನಾಗ್ ಮತ್ತು ಗೆಳೆಯರು ವರ್ಷಗಟ್ಟಲೆ ಪಾಡುಪಟ್ಟು 2004ರಲ್ಲಿ ಅಲ್ಲಿ ಒಂದು ರಂಗಮಂದಿರ ತೆರೆದರು. ಅಲ್ಲಿ ಆಟ ನಡೆಯುತ್ತದೆ, ಜನ ಬರುತ್ತಾರೆ, ಹೊತ್ತು ಮೀರಿ ಬಂದವರನ್ನು ಒಳಗೆ ಬಿಡುವುದಿಲ್ಲ ಎಂಬ ಶಿಸ್ತೂ ಇದೆ. ಒಬ್ಬ ನಟ, ನಿರ್ದೇಶಕನ ಹೆಸರು ದಿನವೂ ಅವನ ಕಸುಬಿನ ಜೊತೆಯೇ ಬಾಳುತ್ತಿದೆ. ಅಲ್ಲಿಂದ ನಾಲ್ಕನೇ ಬ್ಲಾಕಿಗೆ ಬಹಳ ದೂರವೇನಲ್ಲ. ಪುಟ್ಟಣ್ಣನವರ ಹೆಸರಿಗೂ ಅಂಥದೇ ಭಾಗ್ಯ ಬರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಅವರ ಹೆಸರಿನ ರಾಜ್ಯ ಪ್ರಶಸ್ತಿ ಇದೆ, ಸಂತೋಷ. ಆದರೆ ಪ್ರಶಸ್ತಿ ವರ್ಷಕ್ಕೊಮ್ಮೆ. ತರಕಾರಿ ಚೀಲ ಹಿಡಿದವರು ದಿನವೂ ನೋಡುವ ಹೆಸರು ಬೇರೆ.

ಹೊಸ ಕಟ್ಟಡವನ್ನು ಕೆಡವಿ ಹಳೆಯ ಚಿತ್ರಮಂದಿರ ಕಟ್ಟಿ ಎಂದು ಯಾರೂ ಕೇಳುವುದಿಲ್ಲ. ಆದರೆ ಇಷ್ಟನ್ನು ಕೇಳಬಹುದು. ಕಾಂಪ್ಲೆಕ್ಸಿನಲ್ಲಿ, ಜನ ಓಡಾಡುವ ಒಂದು ಗೋಡೆಯ ಮೇಲೆ, ಇಲ್ಲಿ ಪುಟ್ಟಣ್ಣ ಚಿತ್ರಮಂದಿರ ಇತ್ತು ಎಂದು ಕನ್ನಡದಲ್ಲಿ ಒಂದು ಫಲಕ ಹಾಕಬೇಕು. ಅದರ ಪಕ್ಕದಲ್ಲಿ ಪುಟ್ಟಣ್ಣನವರ ಚಿತ್ರಗಳ ಪಟ್ಟಿ, ಅವುಗಳ ಹಿಂದಿನ ಕಾದಂಬರಿಗಳ ಹೆಸರು ಇರಬೇಕು. ವರ್ಷಕ್ಕೆ ಒಂದು ದಿನ, ಡಿಸೆಂಬರ್ 1ರಂದು, ಅಲ್ಲೇ ಎಲ್ಲಾದರೂ ಒಂದು ಪರದೆ ಕಟ್ಟಿ ಅವರ ಒಂದು ಚಿತ್ರವನ್ನು ಬಡಾವಣೆಯ ಜನ ಒಟ್ಟಿಗೆ ಕೂತು ನೋಡಬೇಕು. ಇದಕ್ಕೆ ದೊಡ್ಡ ಹಣ ಬೇಡ. ಬಡಾವಣೆಯ ಕನ್ನಡ ಸಂಘಗಳು, ಮಹಿಳಾ ಸಮಾಜಗಳು, ಹಿರಿಯ ನಾಗರಿಕರ ವೇದಿಕೆಗಳು ಮನಸ್ಸು ಮಾಡಿದರೆ ಸಾಕು. ಮೊದಲ ವರ್ಷ ‘ಶರಪಂಜರ’ವನ್ನೇ ಹಾಕಿ ಎಂದು ನನ್ನ ಕೋರಿಕೆ. ಬಾಣಂತಿಯರ ಮನಸ್ಸಿನ ಆರೋಗ್ಯದ ಬಗ್ಗೆ ಇವತ್ತಿಗೂ ನಮ್ಮ ಮನೆಗಳಲ್ಲಿ ಬಿಚ್ಚಿ ಮಾತಾಡುವುದು ಕಡಿಮೆ. ಚಿತ್ರ ಮುಗಿದ ಮೇಲೆ ಅಲ್ಲೇ ಒಬ್ಬ ವೈದ್ಯರನ್ನು ಕರೆಸಿ ಹತ್ತು ನಿಮಿಷ ಮಾತಾಡಿಸಿದರೆ ಪುಟ್ಟಣ್ಣನವರ ಕೆಲಸವೇ ಮುಂದುವರಿದಂತೆ.

ಇನ್ನು, ಕೇಳುತ್ತಿರುವ ನಿಮ್ಮಲ್ಲಿ ಒಬ್ಬೊಬ್ಬರಿಗೂ ಒಂದು ಕೆಲಸ ಇದೆ. ನಂದಾ, ಶಾಂತಿ, ಸ್ವಾಗತ್, ಪುಟ್ಟಣ್ಣ, ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ನೋಡಿದ ಒಂದು ಚಿತ್ರದ ಬಗ್ಗೆ ಒಂದು ಪುಟ ಬರೆಯಿರಿ. ಯಾವ ವರ್ಷ, ಯಾರ ಜೊತೆ, ಟಿಕೆಟ್ ಎಷ್ಟು, ಇಂಟರ್ವಲ್‌ನಲ್ಲಿ ಏನು ತಿಂದಿರಿ, ಮನೆಗೆ ಹೇಗೆ ಬಂದಿರಿ. ಹಳೆಯ ಪುಸ್ತಕದ ನಡುವೆ ಗುರುತಿಗೆಂದು ಇಟ್ಟ ಟಿಕೆಟ್ ಚೂರು ಇದ್ದರೆ ಎಸೆಯಬೇಡಿ. ಹಳೆಯ ಮದುವೆಯ, ಹಬ್ಬದ ಫೋಟೊಗಳ ಹಿನ್ನೆಲೆಯಲ್ಲಿ ಚಿತ್ರಮಂದಿರದ ಗೋಡೆ, ಪೋಸ್ಟರು ಕಂಡರೆ ಅದನ್ನು ಬೇರೆ ಇಡಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಬೀದಿಯಲ್ಲಿ ಚಿತ್ರಮಂದಿರದಲ್ಲಿ ದುಡಿದ ಹಿರಿಯರು ಇದ್ದರೆ ಹೋಗಿ ಕೂತು ಕೇಳಿ. ನಿಮ್ಮ ಫೋನಿನಲ್ಲೇ ಅವರ ಮಾತನ್ನು ದಾಖಲು ಮಾಡಿಕೊಳ್ಳಿ. ಇದ್ದಿಲು ಕಡ್ಡಿ ಹೇಗೆ ಹಿಡಿಯುತ್ತಿದ್ದಿರಿ ಎಂದು ಕೇಳಿ, ರೀಲು ಕಡಿದಾಗ ಹೇಗೆ ಅಂಟಿಸುತ್ತಿದ್ದಿರಿ ಎಂದು ಕೇಳಿ, ಕೊನೆಯ ಆಟ ಯಾವುದು ಎಂದು ಕೇಳಿ. ಅವರು ಖಂಡಿತ ಹೇಳುತ್ತಾರೆ. ಇದುವರೆಗೆ ಅವರನ್ನು ಕೇಳಿದವರು ಕಡಿಮೆ, ಅಷ್ಟೇ.

ಶಾಲೆಗಳಲ್ಲಿ ಇರುವ ಶಿಕ್ಷಕ ಮಿತ್ರರಿಗೂ ಒಂದು ಮಾತು. ಸ್ಥಳೀಯ ಚರಿತ್ರೆ ಎಂದರೆ ಮಕ್ಕಳನ್ನು ಅಶೋಕ ಕಂಬಕ್ಕೆ, ಲಾಲ್‌ಬಾಗಿನ ಗೋಪುರಕ್ಕೆ ಕರೆದುಕೊಂಡು ಹೋಗುತ್ತೀರಿ, ಒಳ್ಳೆಯದೇ. ಇನ್ನೊಂದು ದಿನ ಅಜ್ಜ ಅಜ್ಜಿಯರು ಚಿತ್ರ ನೋಡಿದ ಜಾಗಗಳ ನಕ್ಷೆಯೊಂದನ್ನು ಮಕ್ಕಳಿಂದಲೇ ಬರೆಸಿ. ಒಂದೊಂದು ಮಗು ಒಂದೊಂದು ಮನೆಯಲ್ಲಿ ಕೇಳಿಕೊಂಡು ಬಂದರೆ, ಒಂದು ತರಗತಿಯಲ್ಲೇ ಒಂದು ಬಡಾವಣೆಯ ಚರಿತ್ರೆ ಸಿಗುತ್ತದೆ. ಅಜ್ಜಿ ಮೊಮ್ಮಕ್ಕಳ ನಡುವೆ ಒಂದು ಸಂಜೆ ಮಾತು ನಡೆಯುತ್ತದೆ, ಅದೂ ಲಾಭವೇ.

ಕಟ್ಟಡಗಳಿಗೆ ಆಯುಸ್ಸು ಇಷ್ಟೇ ಎಂದು ಬರೆದಿದ್ದರೆ ನಾವು ತಪ್ಪಿಸಲಾರೆವು. ಆದರೆ ಅಲ್ಲಿ ನಾವು ನಕ್ಕದ್ದು, ಅತ್ತದ್ದು, ಅದಕ್ಕಾಗಿ ದುಡಿದವರ ಜಾಣ್ಮೆ, ಇವನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಒಂದು ಪುಟ ಬರೆಯಲು ಬೇಕಾದದ್ದು ಒಂದು ಬಿಡುವಿನ ಮಧ್ಯಾಹ್ನ. ಈ ವಾರವೇ ಶುರುಮಾಡಿ ಎಂದು ಪ್ರೀತಿಯಿಂದ ಕೇಳಿಕೊಳ್ಳುತ್ತೇನೆ.